ಮುನ್ನೂರೈವತ್ತು ಸುತ್ತು

ಪಾಳಿ ಮುಗಿಸಿ ಬಂದರೂ ಕಿವಿಯೊಳಗೆ ಬೆಲ್ಟು ಓಡುತ್ತಲೇ ಇರುತ್ತದೆ
ಕಲ್ಲಿದ್ದಲು ಹೊತ್ತು.
ಮೂಗು ಸೀಟಿದರೆ ಕಪ್ಪು.
ಬಿಸಿನೀರು, ಎರಡು ರೊಟ್ಟಿ, ಪುಂಡಿಪಲ್ಲೆ,
ಆಮೇಲೆ ಪಡಸಾಲೆಯ ಮೂಲೆಗೆ ಗೋಣಿ ಹಾಸಿ ಕೂತೆನೆಂದರೆ
ನಾನು ಯಾರ ಆಳೂ ಅಲ್ಲ.

ಈ ಮಾತು ಜೋರಾಗಿ ಅಂದವನಲ್ಲ.
ಹುಲಿಗೆಮ್ಮನಿಗೆ ಕೇಳಿಸಿದರೆ ನಗುತ್ತಾಳೆ:
"ಹೌದೌದು ಸಾವ್ಕಾರ, ಲೈಟಿನ ಬಿಲ್ಲು ಯಾರ್ ಕಟ್ತಾರ?"

ಶುರುವಾದದ್ದು ನಮ್ಮದೇ ಫ್ಯಾನು ಸುಟ್ಟ ರಾತ್ರಿ.
ದೇವಸೂಗೂರು, ಮೇ ತಿಂಗಳು,
ಹೊಳೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು.
ನಾಕು ಹೆಜ್ಜೆ ಆಚೆ, ಊರೂರಿಗೆ ಕರೆಂಟು ಕಳಿಸುವ ಚಿಮಣಿಗಳು,
ಈಚೆ ನಾವು ನಾಕು ಮಂದಿ
ಕೊಡದ ನೀರಿಗೆ ಟವೆಲ್ ಅದ್ದಿ ಹೊದ್ದು ಮಲಗಿದವರು.
ನಿದ್ದೆ ಬಾರದೆ ಫ್ಯಾನು ಬಿಚ್ಚಿದೆ.
ಒಳಗೇನಿತ್ತು? ತಂತಿ. ಬರೀ ತಂತಿ.
ಯಾರೋ ಕೂತು ಎಣಿಸಿದ ಸುತ್ತು.

ಯಾರೋ ಎಣಿಸಿದ್ದನ್ನು ನಾನೂ ಎಣಿಸಬಹುದಲ್ಲ.

ತೀನ್ ಕಂದೀಲಿನ ಹತ್ತಿರದ ಅಂಗಡಿಯವ
ತಾಮ್ರವನ್ನು ಬಂಗಾರದ ಮುಖ ಮಾಡಿಕೊಂಡು ತೂಗುತ್ತಾನೆ.
ಅರ್ಧ ಕೆಜಿ, ಮೂವತ್ತಾರನೇ ಗೇಜು.
ಪಗಾರದಲ್ಲಿ ಅಷ್ಟು ಕಡಿಮೆಯಾದದ್ದನ್ನು ಮನೆಯಲ್ಲಿ ಹೇಳಲಿಕ್ಕೆ
ಮೂರು ದಿನ ಹಿಡಿಯಿತು.
ಹುಲಿಗೆಮ್ಮ ಬೈಯಲಿಲ್ಲ. ಎಳೆ ಎತ್ತಿ ದೀಪಕ್ಕೆ ಹಿಡಿದು,
"ಹಸಗೂಸಿನ ಕೂದಲಿದ್ದಂಗ ಐತಲ್ಲ," ಅಂದಳು.

ಒಂದು ಕಾಯಿಲ್‌ಗೆ ಮುನ್ನೂರೈವತ್ತು ಸುತ್ತು.
ಇನ್ನೂರ ಹನ್ನೆರಡರಲ್ಲಿ ಮಗ ಏಳರ ಮಗ್ಗಿ ಒಪ್ಪಿಸಲಿಕ್ಕೆ ಬಂದರೆ
ಮತ್ತೆ ಒಂದರಿಂದ.
ಪ್ಲಾಂಟಿನಲ್ಲಿ ಎಣಿಸುವವರು ಬೇರೆ:
ಟನ್ನು, ಯೂನಿಟ್ಟು, ನಾನು ತಡವಾದ ನಿಮಿಷ.
ಬೆರಳೊತ್ತಿದರೆ ಹಸಿರು ದೀಪ, ಬಂದಾನೆ ಅಂತ.
ಇಲ್ಲಿ ಕೇಳುವವರಿಲ್ಲ.
ಅದಕ್ಕೇ ಮಗನ ಹಳೇ ನೋಟ್‌ಬುಕ್ಕಿನ ಹಿಂದೆ
ನನ್ನ ಹಾಜರಿ ನಾನೇ ಹಾಕಿಕೊಳ್ಳುತ್ತೇನೆ.
ಜ್ವರ ಬಂದ ದಿನ ಗೈರು ಎಂದು ಬರೆದೆ.
ರಜೆ ಚೀಟಿ ಯಾರಿಗೆ ಕೊಡಬೇಕೋ ತಿಳಿಯದೆ ನಗು ಬಂತು.

ಮೊದಲ ಗಿರಾಕಿ ಎದುರು ಓಣಿಯ ಖಾಜಾಬಿ.
ಮನೆಯಲ್ಲಿ ಬಾಣಂತಿ ಮಗಳು.
ಫ್ಯಾನು ತೂಗುಹಾಕಿ ಸ್ವಿಚ್ಚು ಒತ್ತಿದೆ.
ತಿರುಗಿತು. ಜೋರಾಗಿಯೇ ತಿರುಗಿತು.
ಗಾಳಿ ಮಾತ್ರ ಇಲ್ಲ.
ಉಲ್ಟಾ ಸುತ್ತುತ್ತಿತ್ತು ಅದು, ಮಾಳಿಗೆಯ ಕಡೆ ಬೀಸುತ್ತ,
ಜಂತಿಯ ಜೇಡರಬಲೆಗೆಲ್ಲ ತಂಪು.
"ಹಲ್ಲಿಗೆ ಗಾಳಿ ಹಾಕೂ ಫ್ಯಾನ್ ಮಾಡಿಯೇನಪಾ?"
ಬಾಣಂತಿ ಸೆರಗಿನೊಳಗೆ ನಕ್ಕಳು.

ಆ ರಾತ್ರಿ ಕಣ್ಣು ಹತ್ತಲಿಲ್ಲ.
ಪ್ಲಾಂಟಿನಲ್ಲಿ ತಪ್ಪಾದರೆ ಅದು ಹಂಚಿಹೋಗುತ್ತದೆ
ಪಾಳಿಯ ಮೇಲೆ, ಮೇಸ್ತ್ರಿಯ ಮೇಲೆ, ತೊಯ್ದ ಕಲ್ಲಿದ್ದಲ ಮೇಲೆ.
ಇದು ಪೂರಾ ನನ್ನದು.
ಕತ್ತಲಲ್ಲಿ ಹೊರಳಿಸಿ ಹೊರಳಿಸಿ ನೋಡಿದೆ,
ಹೊಸ ಚಪ್ಪಲಿಯನ್ನು ನೋಡಿದ ಹಾಗೆ.

ಬೆಳಗಿನ ಪಾಳಿಗೆ ಮುಂಚೆ ಹೋಗಿ ಎರಡು ತುದಿ ಅದಲುಬದಲು ಮಾಡಿದೆ.
ಐದೇ ನಿಮಿಷ.
ಗಾಳಿ ಕೆಳಗಿಳಿದು ಕೂಸಿನ ಮೇಲಿನ ದುಪಟಿ ಅಲುಗಿತು.
ಮುನ್ನೂರರಲ್ಲಿ ಐವತ್ತು ಹಿಡಿದು ಕೊಟ್ಟಳು ಖಾಜಾಬಿ:
"ಹಲ್ಲಿ ಪಾಲು ಮುರ್ಕೊಂಡೀನಿ."

ನೌಕರಿ ಬಿಡ್ತಿಯೇನೋ ಅನ್ನುತ್ತಾನೆ ಜೊತೆಯ ತಾಯಪ್ಪ.
ಹುಚ್ಚೇನು? ಆಸ್ಪತ್ರೆ ಚೀಟಿ, ಪಿ.ಎಫ್., ಮಗನ ಫೀಸು
ಎಲ್ಲ ಆ ಗೇಟಿನ ಒಳಗಿವೆ.
ಬೋರ್ಡು ಬರೆಸು ಅನ್ನುತ್ತಾಳೆ ಹುಲಿಗೆಮ್ಮ.
ಮೇಸ್ತ್ರಿಯ ಬೈಕು ಇದೇ ಓಣಿಯಲ್ಲಿ ಹಾಯುತ್ತದೆ.
ಸೀಮೆಸುಣ್ಣದಲ್ಲಿ ಬರೆದಿದ್ದೇನೆ, ಬಾಗಿಲಿನ ಒಳಮೈಗೆ:
ಇಲ್ಲಿ ಫ್ಯಾನು ಕಟ್ಟಿಕೊಡಲಾಗುವುದು.
ಕದ ಮುಚ್ಚಿದರೆ ನಮಗಷ್ಟೇ ಕಾಣುತ್ತದೆ.

ನಿನ್ನೆ ಇನ್ನೂರ ತೊಂಬತ್ತೊಂಬತ್ತಕ್ಕೆ ಕರೆಂಟು ಹೋಯಿತು.
ಕಿಟಕಿಯಾಚೆ ಚಿಮಣಿಗಳ ಕೆಂಪು ದೀಪ ಮಾತ್ರ.
ಕೈ ತಡೆಯಿತು, ಎಳೆ ಬೆರಳಲ್ಲೇ.

ಚಾಪೆಯ ಕಡೆಯಿಂದ, ಮಲಗಿದ್ದಾಳೆ ಅಂದುಕೊಂಡವಳು,
"ಮುನ್ನೂರು," ಅಂದಳು.