ಗ್ಯಾಸ್ ಲೈಟಿನ ಬಟ್ಟೆ

ಮುಟ್ಟಬೇಡ ಓಬಳೇಶ, ಮೊದಲು ನೋಡು.
ಗೊಂಬೆಯ ಕಾಲ್ಚೀಲದಂಥ ಈ ಬಿಳಿ ಬಲೆ
ಸಂತೆಹೊಂಡದ ಹಿಂದಿನ ಓಣಿಯಲ್ಲಿ
ಗ್ಯಾಸ್ ಲೈಟು ಬಾಡಿಗೆಗೆ ಕೊಡುತ್ತಿದ್ದ ಹಯಾತ್ ಸಾಬರ
ತಗಡಿನ ಡಬ್ಬಿಯಲ್ಲಿ ಉಳಿದದ್ದು ಇದೊಂದೇ.

ಬಯಲಾಟಕ್ಕೆ ಹೋಗುತ್ತಿತ್ತು ಅವರ ಬೆಳಕು,
ದಿಬ್ಬಣಕ್ಕೆ, ರಾತ್ರಿ ಹೆರಿಗೆಗೆ.
ನಮ್ಮವ್ವ ಹುಟ್ಟಿದ್ದೂ ಅದರಡಿಯೇ ಅಂತೆ:
ಬಾಡಿಗೆ ಎಂಟಾಣೆ,
ಮಗು ತಡಮಾಡಿದ್ದಕ್ಕೆ ಮೇಲೆ ನಾಲ್ಕಾಣೆ.

ಮೊದಲ ಕಡ್ಡಿಗೇ ನೂಲು ಸುಟ್ಟುಹೋಗುತ್ತದೆ.
ಉಳಿಯುವುದು ಬೂದಿ,
ಬಲೆಯ ಆಕಾರ ಮರೆಯದ ಬೂದಿ,
ಸೊಳ್ಳೆ ಬಡಿದರೂ ಉದುರುವಷ್ಟು ಹಗುರ.
ಊರಿಗೆಲ್ಲ ಬೆಳಗಿದ್ದು ಅದೇ.
ಆಮ್ಲಜನಕದ ಕೈ ಹಿಡಿದ ಥೋರಿಯಂ.

ಒಂಟಿಯಾಗಿ ಸಿಕ್ಕರೆ ಲೋಹ, ಬೆಳ್ಳಿಯ ಬಣ್ಣ,
ಗಾಳಿಗೆ ಬಿಟ್ಟರೆ ಮೆಲ್ಲಗೆ ಕಪ್ಪಿಡುತ್ತದೆ.
ಗೋಡೆಯ ಪಟ್ಟಿಯಲ್ಲಿ ತೊಂಬತ್ತನೇ ಮನೆ.
ಯಾವುದೋ ಚಳಿದೇಶದ ಗುಡುಗುದೇವರ ಹೆಸರು,
ಗುಡುಗು ಮಾತ್ರ ಇಲ್ಲ.

ಇದೆ, ತಡಿ.
ಕಾಲೇಜಿನಿಂದ ಎರವಲು ತಂದ ಪೆಟ್ಟಿಗೆ ಹತ್ತಿರ ಹಿಡಿದೆ:
ಟಿಕ್.
ಟಿಕ್ ಟಿಕ್.
ಮಂಡಕ್ಕಿ ಭಟ್ಟಿಯ ಕಾದ ಮರಳಲ್ಲಿ ಅಕ್ಕಿ ಸಿಡಿದ ಹಾಗೆ.

ಪಾಲಾಕ್ಷಿ, ನಿಮ್ಮಪ್ಪ ಭಟ್ಟಿಯಲ್ಲಿ ಇರೋದಲ್ವಾ,
ಮುಂದೆ ಅರಳುವುದು ಯಾವ ಕಾಳು, ಹೇಳಬಲ್ಲರಾ?
ಇಲ್ಲ.
ಅರ್ಧ ಬಾಣಲೆ ಅರಳಲು ಎಷ್ಟು ಹೊತ್ತು?
ಅದನ್ನು ಬೀಡಿ ಸೇದುತ್ತಲೇ ಹೇಳುತ್ತಾರೆ.
ಅಷ್ಟೇ ಅರ್ಧಾಯುಷ್ಯ.

ಥೋರಿಯಂಗೆ ಅದು ಸಾವಿರದ ನಾನೂರು ಕೋಟಿ ವರ್ಷ.
ಸೊನ್ನೆ ಬರೆಯುತ್ತ ಬರೆಯುತ್ತ ಸೀಮೆಸುಣ್ಣ ಮುರಿಯಿತು.
ಕಿಟಕಿಯಾಚೆ ಕೋಟೆ ಹೊತ್ತು ಕೂತ ಆ ಬಂಡೆ
ಕುದಿವ ಗಂಜಿಯಾಗಿದ್ದಾಗ ಒಳಸೇರಿದ ಚಿಟಿಕೆ
ಇಂದಿಗೂ ಎಂಟರಲ್ಲೊಂದು ಪಾಲಷ್ಟೇ ಸವೆದಿದೆ.

ಸವೆದದ್ದು ಎಲ್ಲಿ ಹೋಯಿತು ಅಂದಳು ಮುಬೀನಾ.
ಹತ್ತು ಸಲ ವೇಷ ಬದಲಿಸಿತು,
ನಡುವೆ ನಿಮಿಷದೊಳಗೆ ಅರ್ಧವಾಗುವ ಗಾಳಿಯೂ ಆಯಿತು,
ಕೊನೆಗೆ ಸೀಸವಾಗಿ ಸುಮ್ಮನಾಯಿತು.

ನೋಟ್‌ಬುಕ್ಕಿನ ಹಾಳೆ ಅಡ್ಡ ಹಿಡಿದೆ. ಸದ್ದು ಕುಗ್ಗಿತು.
ಎಷ್ಟೋ ಕಣಗಳು ಕಾಗದವನ್ನೂ ದಾಟಲಾರವು.
ಹಾಗಂತ ಸಲಿಗೆ ಬೇಡ:
ಬೂದಿ ಉಸಿರಲ್ಲಿ ಒಳಹೋದರೆ
ಅಲ್ಲಿ ಅಡ್ಡ ಹಿಡಿಯಲು ಹಾಳೆ ಇಲ್ಲ.

ಹಯಾತ್ ಸಾಬರು ಹಳೇ ಬೂದಿಯನ್ನು ಬಾಯಲ್ಲೇ ಊದಿ
ಬೆರಳನ್ನು ಲುಂಗಿಗೆ ಒರೆಸುತ್ತಿದ್ದರು.
ಅವರಿಗೆ ಯಾರೂ ಹೇಳಿರಲಿಲ್ಲ.
ಎಂಬತ್ತು ದಾಟಿದರು, ನಿಜ. ಬರೆದುಕೊಳ್ಳಿ:
ಒಬ್ಬರ ಆಯುಷ್ಯ ಪುರಾವೆ ಅಲ್ಲ.
ಹಯಾತ್ ಅಂದ್ರೇನೇ ಆಯುಷ್ಯ ಮಿಸ್,
ಮುಬೀನಾ ಅಂದಳು, ತಲೆಯೆತ್ತದೆ ಬರೆಯುತ್ತ.

ಗಂಟೆ ಹೊಡೆಯಿತು. ಬಲೆ ಡಬ್ಬಿಗೆ, ಡಬ್ಬಿ ಬೀರುವಿಗೆ,
ಕೈ ಸೋಪಿಗೆ.
ತಿರುಗಿ ಬಂದರೆ ಓಬಳೇಶ ಒಬ್ಬನೇ,
ಪೆಟ್ಟಿಗೆಯನ್ನು ಹೊಟ್ಟೆಗೊತ್ತಿ ನಿಂತಿದ್ದಾನೆ.
ಆಗೊಂದು, ಈಗೊಂದು, ಟಿಕ್.

ನನ್ನೊಳಗೂ ಐತೇನ್ರಿ ಮಿಸ್?

ಇದು ಕಲ್ಲಿನದು, ಗಾಳಿಯದು, ಮುಗಿಲಿನದು.
ಆದರೆ ನಿನ್ನೊಳಗೂ ಐತೆ ಕಣೋ,
ಈ ಪೆಟ್ಟಿಗೆಗೆ ಕೇಳದಷ್ಟು ಸಣ್ಣಗೆ.
ಹತ್ತೊಂಬತ್ತನೇ ಮನೆಯದು.
ನಾಳೆ ಬರುವಾಗ ಒಂದು ಬಾಳೆಹಣ್ಣು ತಾ.