ಇನ್ನೂ ಏಳ್ತಾ ಐತೆ

ಮಂಡಿಪೇಟೆ ಓಣಿ, ರಾತ್ರಿ ಒಂಬತ್ತು ದಾಟಿದೆ.
ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಇಳಿಸಿ ಕೂತಿದ್ದೇನೆ.
ಬಟನ್ ಒತ್ತಿದರೆ ಕರಿ ಪರದೆ
ಹಾಜರಿ ಕೂಗುತ್ತದೆ:
ಉಬುಂಟು. ಉಬುಂಟು. ಫೆಡೋರಾ.
ವಿಂಡೋಸ್. ಕೊನೆಗೆ ಲೋಕಿ-ಟೆಸ್ಟ್.
ಐದು ಹೆಸರು, ಜೀವ ಇರುವುದು ಎರಡಕ್ಕೆ.

ಲೋಕಿ ಯಾರೋ ಗೊತ್ತಿಲ್ಲ.
ಅಶೋಕ ರೋಡಿನಲ್ಲಿ ಬಾಗಿಲು ಹಾಕಿದ ಸೈಬರ್ ಸೆಂಟರಿನಿಂದ
ನಾಲ್ಕು ಸಾವಿರಕ್ಕೆ ತಂದ ಡಬ್ಬ ಇದು.
ಡಿಸ್ಕು ಹೊಸದು ಹಾಕಿಸಿದೆ,
ಬೋರ್ಡು ಮಾತ್ರ ಅವನನ್ನು ಮರೆತಿಲ್ಲ.

ಉಳಿದದ್ದು ಕೊಟ್ರೇಶಿಯ ಕೈವಾಡ.
ಫೆಡೋರಾ ಹಾಕಿದ, ಪ್ರಿಂಟರ್ ಮುನಿಸಿಕೊಂಡಿತು.
ಉಬುಂಟು ಹಾಕಿದ, ನಡುವೆ ಕರೆಂಟು ಹೋಯಿತು.
ಮತ್ತೆ ಹಾಕಿದ. ಹಾಕಿದ್ದು ಮೂರು ಸಲ, ಅಳಿಸಿದ್ದು ಒಂದೂ ಇಲ್ಲ.
ಸತ್ತ ಉಬುಂಟು ಒತ್ತಿದರೆ ಪರದೆ ಒಮ್ಮೆ ಕಣ್ಣು ಮಿಟುಕಿಸಿ
ಮತ್ತೆ ಅದೇ ಪಟ್ಟಿಗೆ ತಂದು ಬಿಡುತ್ತದೆ,
ಸಾಹೇಬರು ಊಟಕ್ಕೆ ಹೋಗ್ಯಾರ ಅನ್ನುವ ಜವಾನನ ಹಾಗೆ.

ಮಧ್ಯಾಹ್ನ ಮಂಡಕ್ಕಿ ಭಟ್ಟಿಯಿಂದ ಚಮನ್‌ಬಿ ಬಂದಿದ್ದಳು,
ಸೆರಗಿನ ತುಂಬ ಸುಟ್ಟ ಮರಳಿನ ವಾಸನೆ.
ರೇಷನ್ ಕಾರ್ಡಿನಿಂದ ಬುಡನ್‌ಸಾಬರ ಹೆಸರು ತೆಗೆಸಬೇಕು.
ಮರಣ ಪತ್ರ ಕೇಳಿದೆ, ಕೊಟ್ಟಳು.
ಆಧಾರ್ ಕೇಳಿದೆ, ಕೊಟ್ಟಳು.
ಹೆಬ್ಬೆಟ್ಟು ಒತ್ತುವ ಮುಂಚೆ ಬೆರಳು ಮಡಚಿ,
‘ಹೆಸ್ರು ತೆಗುದ್ರೆ ಅಕ್ಕಿ ಕಮ್ಮಿ ಆಗ್ತೈತೇನಮ್ಮ?’
ಆಗುತ್ತೆ ಅಂದೆ.
‘ಹಂಗಾರೆ ಈ ತಿಂಗ್ಳು ಇರ್ಲಿ ಬಿಡು, ಪಾಪ.’

ನನಗೆ ಫೆಡೋರಾ ಹೆಸರಲ್ಲಿ ಯಾವ ಅಕ್ಕಿಯೂ ಬರುತ್ತಿಲ್ಲ.

ಕೊಟ್ರೇಶಿ ಹೇಳಿಕೊಟ್ಟ: ಸಣ್ಣ ಬಿ, ಮುಂದೆ ನಂಬರು,
ಅಂದರೆ ಇವನು ಅಂತ ತೋರಿಸುವುದು.
ಆಮೇಲೆ ದೊಡ್ಡ ಬಿ. ಅಂದರೆ ಕಥೆ ಮುಗಿಯಿತು.
‘ನಾಲ್ಕನೇ ನಂಬರ್ ಮುಟ್ಬ್ಯಾಡ್ರಿ ಅಕ್ಕಾ,
ನಾವು ಈಗ ಕುಂತಿರೋದು ಅದ್ರ ಮೇಲೇ.’
ಒಂದು ಎಂಟರ್. ಲೋಕಿ ಹೋದ.
ಇನ್ನೊಂದು. ಸತ್ತ ಉಬುಂಟು. ಮತ್ತೊಂದು.
ಯಾವ ಪತ್ರವನ್ನೂ ಕೇಳಲಿಲ್ಲ,
ಖಾತ್ರಿಯೇ ಅಂತ ಕೂಡ ಕೇಳಲಿಲ್ಲ.
ತಾಲ್ಲೂಕು ಆಫೀಸಿಗೆ ಇಷ್ಟು ಚುರುಕು ಇದ್ದಿದ್ದರೆ
ನನ್ನ ಅಂಗಡಿ ಯಾಕೆ ಬೇಕಿತ್ತು!

ಆಫ್ ಮಾಡಿ ಆನ್ ಮಾಡಿದೆ.
ಫೆಡೋರಾ ವಾಪಸ್ ಬಂದು ಕೂತಿದೆ.

ಕೊಟ್ರೇಶಿ ತಲೆ ಕೆರೆದುಕೊಂಡ.
‘ಹೆಸ್ರು ತೆಗುದ್ವಿ, ಗೂಡು ಹಂಗೇ ಐತಲ್ಲ.’
ಡಿಸ್ಕಿನ ಮೂಲೆಯಲ್ಲಿ ನೂರೇ ಎಂಬಿಯ ಒಂದು ಖೋಲಿ,
ಒಳಗೆ ಸಾಲಾಗಿ ಫೋಲ್ಡರುಗಳು.
ಬೋರ್ಡು ದಿನಾ ಬೆಳಿಗ್ಗೆ ಅಲ್ಲಿ ಇಣುಕಿ ನೋಡುತ್ತದಂತೆ,
ಗೂಡು ಕಂಡರೆ ಹೆಸರು ಬರೆದುಕೊಳ್ಳುತ್ತದಂತೆ.
ಫೆಡೋರಾದ ಪಕ್ಕದ ಗೋಡೆಯೇ ಮೈಕ್ರೋಸಾಫ್ಟು.
ಆ ಬಾಗಿಲಿಂದ ಹೋದರೇನೇ ನನ್ನ ನುಡಿ ಸಿಗುವುದು,
ಹನ್ನೊಂದು ವರ್ಷದ ಲಗ್ನಪತ್ರಿಕೆ, ಶಿವಗಣಾರಾಧನೆ ಕಾರ್ಡು,
ಒತ್ತಕ್ಷರ ಕೆಟ್ಟಿದೆ ಅಂತ ಜಗಳ ಆಡಿದವರ ಕರಪತ್ರ.
ಬೆರಳು ಒಂದು ಸಾಲು ಜಾರಿದರೆ
ಊರಿನ ಅರ್ಧ ಮದುವೆಗಳಿಗೆ ಹೋಗಲು ದಾರಿ ಇಲ್ಲ.

ಎಫ್, ಇ, ಡಿ. ಒಂದೊಂದೇ ಅಕ್ಷರ ಬಾಯಲ್ಲಿ ಓದಿಕೊಂಡು ಒತ್ತಿದೆ.
ಕೊಟ್ರೇಶಿ ಉಸಿರು ಬಿಗಿಹಿಡಿದಿದ್ದ.
ಗೂಡೂ ಹೋಯಿತು, ಹೆಸರೂ ಹೋಯಿತು.

ಈಗ ಎರಡೇ ಸಾಲು. ಪರದೆ ಖಾಲಿ ಖಾಲಿ,
ಬಾಡಿಗೆಯವರು ಬಿಟ್ಟುಹೋದ ವಠಾರದಂತೆ.
‘ಎರಡಕ್ಕೆ ಹತ್ತು ಸೆಕೆಂಡ್ ಯಾಕ್ರಿ ಕಾಯೋದು?
ಎರಡಕ್ಕಿಳಿಸ್ಲಾ?’
ಬೇಡ ಬಿಡು, ಅಂದೆ.
ಆ ಹತ್ತು ಸೆಕೆಂಡಿನಲ್ಲಿ ನಾನು ಚಹಾ ಆರಿಸಿಕೊಳ್ಳುತ್ತೇನೆ.

ಒಂಬತ್ತು. ಎಂಟು.
ಷಟರಿನ ಕೆಳಗೆ ಬಗ್ಗಿ ಯಾರೋ,
‘ಒಂದು ಆಧಾರ್ ಜೆರಾಕ್ಸ್ ಆಗ್ತೈತೇನ್ರಿ?’
ತಡೀರಿ, ಅಂದೆ,
ಇನ್ನೂ ಏಳ್ತಾ ಐತೆ.