ಏಳು ಕೆಜಿ ದೂರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತಕ್ಕಡಿ ಹಿಡಿದು ಇಪ್ಪತ್ತಾರು ವರ್ಷವಾಯಿತು ನನಗೆ.
ಈಗ ತಕ್ಕಡಿ ಇಲ್ಲ, ಕೆಂಪಂಕಿ ಕುಣಿಯುವ ಯಂತ್ರ;
ಹೆಸರು ಮಾತ್ರ ಹಳೆಯದೇ, ತೂಕದ ಪಿಳ್ಳಪ್ಪ.
ದರ ಕೇಳಿದವರುಂಟು, ಕಡ ಕೇಳಿದವರುಂಟು,
ದೂರ ಕೇಳಿದವಳು ಜೈತೂನ್‌ಬಿ ಒಬ್ಬಳೇ,
ಲಾಟಿನ ಚೀಟಿ ಮಡಚಿ ಸೆರಗಿಗೆ ಕಟ್ಟುತ್ತ:
‘ತೂಕದಣ್ಣಾ, ಜೆಡ್ಡಾ ಎಷ್ಟು ದೂರ?’

ಹಜ್ ಕಚೇರಿಯ ಕಾಗದ ಅವಳ ಕೈಯಲ್ಲೇ ಇತ್ತು.
ಓದಿ ಹೇಳಿದೆ. ದೇವನಹಳ್ಳಿಯಿಂದ ಅಲ್ಲಿಗೆ
ನಾಲ್ಕು ಸಾವಿರದ ಇನ್ನೂರು ಕಿಲೋಮೀಟರು, ಹತ್ತಿರ ಹತ್ತಿರ.
ಐದು ಗಂಟೆ ಐವತ್ತು ನಿಮಿಷ.
ಅಂಕಿ ಅವಳ ಮುಖದೊಳಗೆ ಇಳಿಯಲಿಲ್ಲ.
ವಿಜಯಪುರ ದಾಟಿದರೆ ಬಸ್ಸಿನಲ್ಲಿ
ತಲೆ ಸುತ್ತುವ ಹೆಂಗಸು.

ನನಗೆ ಬರುವ ಲೆಕ್ಕವನ್ನೇ ಹಾಕಿದೆ:
ಒಳ್ಳೆ ಗೂಡು ಬಿಚ್ಚಿದರೆ ಸಾವಿರ ಮೀಟರು ಎಳೆ,
ಅಂದರೆ ಗೂಡಿಗೊಂದು ಕಿಲೋಮೀಟರು.
ಕೆಜಿಗೆ ಆರುನೂರು ಗೂಡು.
‘ಏಳು ಕೆಜಿ, ಜೈತೂನ್‌ಬಿ.
ಇಲ್ಲಿಂದ ಜೆಡ್ಡಾಕ್ಕೆ ಏಳೇ ಕೆಜಿ.’

ನಕ್ಕಳು. ‘ಒಂಟಿ ಎಳೆ ನಂಬಿ ಯಾರು ಹೋಗ್ತಾರಣ್ಣಾ?
ಉಸಿರು ತಾಕಿದರೆ ತುಂಡಾಗತ್ತೆ.
ಎಂಟು ಗೂಡು ಸೇರಿದರೇ ನೂಲು.’
ಏಳೆಂಟ್ಲ ಐವತ್ತಾರು.
‘ಹತ್ತು’ ಅಂದೆ, ಯಂತ್ರ ತೋರಿಸಿ.
ಚಪ್ಪಲಿ ಬಿಟ್ಟು ಹತ್ತಿದಳು.
ಐವತ್ತೊಂದು ಕೆಜಿ ನಾನೂರು ಗ್ರಾಂ.
‘ಮಿಕ್ಕಿದ್ದು?’
‘ಮಿಕ್ಕಿದ್ದು ಲಗೇಜು.’

ಕಾಗದದಲ್ಲಿ ಇನ್ನೂ ಒಂದು ಗಂಟಿತ್ತು.
ಹೊರಡುವುದು ಬೆಳಿಗ್ಗೆ ಹತ್ತಕ್ಕೆ,
ಇಳಿಯುವುದು ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ.
ಕೂಡಿದೆ, ಕಳೆದೆ, ಬೆರಳು ಮಡಚಿದೆ;
ಎರಡೂವರೆ ಗಂಟೆ ಎಲ್ಲಿ ಹೋಯಿತು?
‘ಸ್ಯಾಂಪಲ್ ತೆಗೆದಿರ್ತಾರೆ’ ಅಂದಳು ಜೈತೂನ್‌ಬಿ,
‘ಲಾಟಿಗೊಂದು ಹಿಡಿ ನೀವು ತೆಗೀತಿದ್ರಲ್ಲ, ಹಂಗೆ.’
ಗೂಡು ಸುರಿಯುತ್ತಿದ್ದ ರೈತರೆಲ್ಲ ನಕ್ಕರು.
ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಗೂಡು ಬಿಚ್ಚುವವರಿಗೆ ಗೊತ್ತು,
ಕಷ್ಟವೆಲ್ಲ ತುದಿ ಹುಡುಕುವುದರಲ್ಲಿ.
ಸಿಕ್ಕಿತೋ, ಉಳಿದದ್ದು ತಾನಾಗಿ ಬರುತ್ತದೆ.
ಬೆರಳಚ್ಚಿನ ಪೆಟ್ಟಿಗೆ ಅವಳನ್ನು ಒಪ್ಪಿರಲಿಲ್ಲ.
ಹದಿನೈದರಿಂದ ಐವತ್ತೆಂಟರ ತನಕ
ಕುದಿವ ಬಾನಿಯಲ್ಲಿ ಅದ್ದಿದ ಬೆರಳು,
ಗೆರೆಯೆಲ್ಲ ನೀರಿಗೆ ಹೋಗಿ
ಗೂಡಿನಷ್ಟೇ ಬಿಳುಪು, ಅದಕ್ಕಿಂತ ನುಣುಪು.
ಒತ್ತಮ್ಮಾ ಅಂದರು, ಒತ್ತಿದಳು.
ಒರೆಸಿ ಒತ್ತು. ಒರೆಸಿ ಒತ್ತಿದಳು.
ಯಾರೋ ಹೇಳಿದರೆಂದು ನಿಂಬೆರಸ, ಯಾರೋ ಹೇಳಿದರೆಂದು ವ್ಯಾಸಲೀನು.
ನಾಲ್ಕು ಸಲ ಬೆಂಗಳೂರಿಗೆ ಹೋಗಿ ಬರಿಗೈಲಿ ಬಂದಳು;
ಐನೂರು ಚಿಲ್ಲರೆ ಕಿಲೋಮೀಟರು,
ಅದನ್ನು ಯಾವ ಕಾಗದವೂ ಬರೆದುಕೊಂಡಿಲ್ಲ.
ಐದನೇ ಸಲ, ಎಡಗೈ ಕಿರುಬೆರಳಲ್ಲಿ
ಒಂದೆರಡು ಗೆರೆ ಉಳಿದಿದ್ದವಂತೆ.

ಹೊರಟ ದಿನ ಬುಧವಾರ.
ಹತ್ತು ದಾಟಿತ್ತು, ಹರಾಜಿನ ಹೊತ್ತು,
ತಲೆಯೆತ್ತಲು ಬಿಡುವಿಲ್ಲ.
ಸೂರಿನ ತಗಡಿನ ಮೇಲೆ ಸದ್ದೊಂದು ಹಾದುಹೋಯಿತು.
ದಿನಾ ಎಷ್ಟೋ ಹೋಗುತ್ತವೆ,
ಇದೇ ಅದೆಂದು ಹೇಗೆ ಹೇಳಲಿ?
ನನ್ನೆದುರಿನ ಲಾಟಿನಲ್ಲಿ ಗೂಡೊಂದು ತೂತಾಗಿತ್ತು.
ಪಕ್ಕದಲ್ಲೇ ಚಿಟ್ಟೆ, ಬೆಳ್ಳಗೆ, ಒದ್ದೆ ರೆಕ್ಕೆ ನಡುಗಿಸುತ್ತ.
ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ;
ತೂತು ಗೂಡಿಗೆ ಬೆಲೆಯೂ ಇಲ್ಲ.
ಗೂಡಿನ ಸಮೇತ ಅದನ್ನೆತ್ತಿ
ಅಂಗಿಯ ಮೇಲುಕಿಸೆಗೆ ಹಾಕಿಕೊಂಡೆ.
ರೈತ ನನ್ನ ಕೈಯನ್ನೇ ನೋಡುತ್ತಿದ್ದ.

‘ಸ್ಯಾಂಪಲ್ಲು’ ಅಂದೆ.